ನೆನಪು ಸಾಲದ ಯಂತ್ರ

ಟೈಪ್‌ರೈಟರಿನ ರಿಬ್ಬನ್ನು ಒಣಗಿ ಹೋದಾಗ ಅದರ ಸದ್ದೇನೂ ಬದಲಾಗುವುದಿಲ್ಲ. ಆ ಯಂತ್ರದ ಮುಂದೆ ನೀವು ಎಂದಾದರೂ ಕೂತವರಾದರೆ ನಿಮಗೆ ಗೊತ್ತಿರುತ್ತದೆ: ಕೀಲಿ ಒತ್ತಿದರೆ ಅಕ್ಷರದ ಕಡ್ಡಿ ಎಂದಿನಂತೆಯೇ ಎದ್ದು ಬಂದು ಕಾಗದಕ್ಕೆ ಬಡಿಯುತ್ತದೆ, ಸಾಲಿನ ಅಂಚು ಹತ್ತಿರವಾದಾಗ ಗಂಟೆ ಟಿಣ್ ಎನ್ನುತ್ತದೆ, ತಳ್ಳಿದರೆ ಕ್ಯಾರೇಜು ಕರಕರನೆ ಸರಿದು ಹೊಸ ಸಾಲಿಗೆ ಅಣಿಯಾಗುತ್ತದೆ. ಎಲ್ಲವೂ ನಡೆಯುತ್ತದೆ, ಬರಹವೊಂದು ಮೂಡುವುದಿಲ್ಲ, ಅಷ್ಟೆ. ಕಣ್ಣಿದ್ದವರಿಗೆ ಇದು ಮೊದಲ ಸಾಲಿನಲ್ಲೇ ತಿಳಿದು ಹೋಗುವ ಸಂಗತಿ. ನಮ್ಮ ಖಲೀಲ್ ಸರ್ ಮಾತ್ರ ಅದೆಷ್ಟೋ ದಿನ ಹೀಗೆ ಬರಿಯ ಕಾಗದದ ಮೇಲೆ ಬಡಿಯುತ್ತಲೇ ಇದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತಿದ್ದೆ, ಖಲೀಲ್ ಸರ್ ಇತಿಹಾಸ ಹೇಳುತ್ತಿದ್ದರು. ಶಿಡ್ಲಘಟ್ಟದವರು, ಮನೆತನದ ಕಸುಬು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವುದು. ಅವರ ದೃಷ್ಟಿ ಅಂಚಿನಿಂದ ಒಳಕ್ಕೆ ವರ್ಷವರ್ಷವೂ ಕಿರಿದಾಗುತ್ತ ಬಂದು, ಬಾವಿಯ ತಳದಿಂದ ಆಕಾಶ ನೋಡಿದ ಹಾಗೆ ಎಂದು ಅವರೇ ಹೇಳುತ್ತಿದ್ದ ಸ್ಥಿತಿಯನ್ನೂ ದಾಟಿ, ಆ ಹೊತ್ತಿಗೆ ಬೆಳಕಿದೆಯೋ ಇಲ್ಲವೋ ಎಂಬಷ್ಟು ಮಾತ್ರ ತಿಳಿಸುತ್ತಿತ್ತು. ಬೆಂಗಳೂರಿನ ಡಾಕ್ಟರುಗಳು ಮಾಡುವುದೇನೂ ಇಲ್ಲ ಎಂದು ಮರ್ಯಾದೆಯಿಂದ ಕೈಮುಗಿದಿದ್ದರು. ಪಾಠಕ್ಕೆ ಅವರಿಗೆ ಪುಸ್ತಕ ಬೇಕಿರಲಿಲ್ಲ, ಎಲ್ಲವೂ ಬಾಯಲ್ಲೇ ಇತ್ತು. ಬರೆಯುವುದಕ್ಕೆ ಹುಡುಗನಾಗಿದ್ದಾಗ ಶಿಡ್ಲಘಟ್ಟದಲ್ಲಿ ಕಲಿತ ಇಂಗ್ಲಿಷ್ ಟೈಪಿಂಗ್ ಒದಗಿ ಬಂದಿತ್ತು. ಬೆರಳಿಗೆ ಕೀಲಿಗಳ ಜಾಗ ಗೊತ್ತಿದ್ದರಿಂದ, ಕನ್ನಡದ ಮಾತುಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುತ್ತ, ತಮ್ಮ ಮನೆಯವರೂ ನೆರೆಯವರೂ ನೂಲು ಬಿಚ್ಚುತ್ತ ಬದುಕಿದ ಕಥೆಯನ್ನು ಬರೆಯುತ್ತಿದ್ದರು.

ಆ ಬಿಳಿ ಹಾಳೆಗಳ ಕಟ್ಟನ್ನು ಒಂದು ಮಧ್ಯಾಹ್ನ ನನ್ನ ಲ್ಯಾಬಿಗೆ ತಂದವರು ಅವರ ಹೆಂಡತಿ ಮುಮ್ತಾಜ್ ಅವರು. ಮೇಜಿನ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಮೆಲ್ಲಗೆ ಹೇಳಿದರು.

"ಇದ್ರಲ್ಲಿ ಏನಾದ್ರೂ ಇದೆಯಾ ನೋಡಿ ಮೇಡಂ. ನನಗೆ ಉರ್ದು ಬಿಟ್ರೆ ಓದಕ್ಕೆ ಬರಲ್ಲ. ಆದ್ರೆ ಏನೂ ಇಲ್ಲ ಅನ್ನೋದು ಗೊತ್ತಾಗ್ತದೆ."

"ಸರ್‌ಗೆ ಹೇಳಿದ್ರಾ?"

"ಹೆಂಗೆ ಹೇಳ್ಲಿ? ಸಾಯಂಕಾಲ ಆದ್ರೆ ಇವತ್ತು ಚೆನ್ನಾಗಿ ಬಂತು ಅಂತಾರೆ."

ಹಾಳೆಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಅಲ್ಲಲ್ಲಿ ಅಕ್ಷರದ ತಗ್ಗುಗಳಿದ್ದವು, ಓದುವಷ್ಟು ಆಳವಾಗಿರಲಿಲ್ಲ. ಪೂರ್ಣವಿರಾಮಗಳು ಮಾತ್ರ ಕಾಗದವನ್ನು ತೂರಿಕೊಂಡು ಹೋಗಿ ಸಣ್ಣ ಸಣ್ಣ ತೂತುಗಳಾಗಿದ್ದವು. ವಾಕ್ಯಗಳೆಲ್ಲ ಹೋಗಿ, ವಾಕ್ಯ ಮುಗಿದ ಜಾಗಗಳು ಉಳಿದಿದ್ದವು. ಇಬ್ಬರೂ ಸೇರಿ ಅವರಿಗೆ ಹೇಳಿದಾಗ ಖಲೀಲ್ ಸರ್ ಕೋಪಿಸಿಕೊಳ್ಳಲಿಲ್ಲ, ಅಳಲಿಲ್ಲ. ಹಾಳೆಗಳ ಮೇಲೆ ಬೆರಳಾಡಿಸಿ, "ಹಂಗಾದ್ರೆ ನಮ್ಮ ಅಜ್ಜಿ ವಿಷಯ ಪೂರಾ ಹೋಯ್ತಾ?" ಎಂದು ಕೇಳಿದರು. ಹೂಂ ಎಂದೆ. "ಅದು ಮತ್ತೆ ಹಂಗೇ ಬರಲ್ಲಮ್ಮ," ಎಂದರು.

ಇದಾದ ಕೆಲವೇ ದಿನಗಳಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಚಿಂತಾಮಣಿ ಕಡೆಯವರು, ಮನೆಯಲ್ಲಿ ತೆಲುಗು, ಸಿಟ್ಟಿನಲ್ಲಾಗಲಿ ಸಂಕಟದಲ್ಲಾಗಲಿ ತೆಲುಗು ತಾನಾಗಿ ಬಾಯಿಗೆ ಬರುತ್ತಿತ್ತು. ಕೆಟ್ಟವರಲ್ಲ. ನೋಟ್ಸು, ಪ್ರಶ್ನೆಪತ್ರಿಕೆ ಯಾವುದನ್ನೂ ಸ್ವಂತ ತಯಾರಿಸಲಾಗದವರನ್ನು ಮುಂದಿನ ವರ್ಷದ ಟೈಮ್ ಟೇಬಲಿನಲ್ಲಿ ಹೇಗೆ ಇಟ್ಟುಕೊಳ್ಳುವುದು, ಲೈಬ್ರರಿಯಲ್ಲಿ ಒಂದು ಕುರ್ಚಿ ಹಾಕಿಸಿಕೊಡೋಣವೆಂದರೆ ಅವರು ಒಪ್ಪುವರೇ, ನೀವೇ ಒಂದು ಮಾತು ಕೇಳಿ ನೋಡಿ ಎಂದರು. ಓದಲಾಗದ ಮನುಷ್ಯನನ್ನು ಪುಸ್ತಕಗಳ ನಡುವೆ ಕೂರಿಸುವ ಆ ಮಾತನ್ನು ತಲುಪಿಸುವ ಬದಲು, ನನ್ನ ಬಾಯಿಂದ ಬೇರೊಂದು ಮಾತು ಬಂದುಬಿಟ್ಟಿತು: "ಸರ್, ಬರೆದದ್ದನ್ನ ಓದಿ ಹೇಳೋ ಕಂಪ್ಯೂಟರ್ ಪ್ರೋಗ್ರಾಂ ಇದೆ. ರಜೆ ಮುಗಿಯೋ ಹೊತ್ತಿಗೆ ನಾನು ಮಾಡಿ ಕೊಡ್ತೀನಿ."

ಇರುವುದೇನೋ ನಿಜವಾಗಿತ್ತು. ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯೂ, ಅದರ ಹಿಂದೆ ಮುಂದೆ ನೂರಾರು ಪ್ರೋಗ್ರಾಮುಗಳೂ ಇದ್ದವು. ಅವುಗಳಲ್ಲೊಂದು, ಅಕ್ಷರ ಕೊಟ್ಟರೆ ದನಿ ಕೊಡುವಂಥದು. ಆದರೆ ಅದು ಸಿದ್ಧ ರೂಪದಲ್ಲಿರಲಿಲ್ಲ, ಸೋರ್ಸ್ ರೂಪದಲ್ಲಿತ್ತು. ಅಂದರೆ, ಬರೆದ ಮನುಷ್ಯರು ಬರೆದಂತೆಯೇ, ಇನ್ನೊಬ್ಬ ಮನುಷ್ಯ ಓದಬಹುದಾದ ಹಾಗೆ ಇತ್ತು. ಅದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸಬೇಕು; ಆ ಕೆಲಸಕ್ಕೆ ಕಂಪೈಲ್ ಎಂದು ಹೆಸರು. ಜೊತೆಗಿದ್ದ ಟಿಪ್ಪಣಿ ತುಂಬ ಸರಳವಾಗಿತ್ತು: ಈ ಒಂದು ಆಜ್ಞೆ ಕೊಡಿ, ಸ್ವಲ್ಪ ಹೊತ್ತು ಕಾಯಿರಿ. ಆ 'ಸ್ವಲ್ಪ ಹೊತ್ತು' ನನ್ನ ಬೇಸಿಗೆಯ ರಜೆಯನ್ನೆಲ್ಲ ನುಂಗಿತು. ನಗರಗೆರೆಯಲ್ಲಿದ್ದ ನನ್ನ ತಾಯಿ, ಮಾವಿನಹಣ್ಣು ಮುಗಿಯುತ್ತ ಬಂತು, ಯಾವಾಗ ಬರ್ತೀಯ ಎಂದು ಬಸ್ಸಿನಲ್ಲಿ ಬಂದವರ ಕೈಲೆಲ್ಲ ಹೇಳಿಕಳಿಸುತ್ತಲೇ ಇದ್ದರು.

ಲ್ಯಾಬಿನಲ್ಲಿ ಸದ್ದು ಹೊರಡಿಸುವ ಕಾರ್ಡು ಇದ್ದದ್ದು ಎಲ್ಲಕ್ಕಿಂತ ಹಳೆಯ ಯಂತ್ರದಲ್ಲಿ ಮಾತ್ರ. ಹಾಗಾಗಿ ಅದನ್ನೇ ಹಿಡಿದೆ. ಆಜ್ಞೆ ಕೊಟ್ಟೆ. ಪರದೆಯ ಮೇಲೆ ಸಾಲುಗಳು ಸರಸರನೆ ಹರಿದವು, ನಿಧಾನವಾದವು, ನಿಂತವು. ವರ್ಚುವಲ್ ಮೆಮೊರಿ ಎಕ್ಸಾಸ್ಟೆಡ್ ಎಂದಿತು ಯಂತ್ರ. ಕನ್ನಡದಲ್ಲಿ ಹೇಳುವುದಾದರೆ, ಇದ್ದ ನೆನಪೂ ಮುಗಿಯಿತು, ಇದೆಯೆಂದು ಭಾವಿಸಿಕೊಂಡಿದ್ದ ನೆನಪೂ ಮುಗಿಯಿತು. ಪಕ್ಕದಲ್ಲಿ ಕೂತಿದ್ದ ಖಲೀಲ್ ಸರ್‌ಗೆ ಅದನ್ನು ಓದಿ ಹೇಳಿದೆ. "ನನ್ನ ಹಂಗೇ," ಎಂದು ನಕ್ಕರು.

ನನಗೆ ಆಗ ಎಷ್ಟು ಕಡಿಮೆ ತಿಳಿದಿತ್ತೆಂದರೆ, ಮೆಮೊರಿ ಸಾಲದು ಎಂದರೆ ಡಿಸ್ಕಿನಲ್ಲಿ ಜಾಗ ಸಾಲದು ಎಂದುಕೊಂಡು, ವಿದ್ಯಾರ್ಥಿಗಳು ಕದ್ದುಮುಚ್ಚಿ ತುಂಬಿಟ್ಟಿದ್ದ ಆಟಗಳನ್ನೆಲ್ಲ ಅಳಿಸಿ ಹಾಕಿದೆ. ಯಂತ್ರ ಅದೇ ಜಾಗಕ್ಕೆ ಬಂದು ಅದೇ ಮಾತು ಹೇಳಿತು. ಆಮೇಲೆ ದಪ್ಪ ಪುಸ್ತಕವೊಂದನ್ನು ತಿರುವಿ ಹಾಕಿ ಅರ್ಥ ಮಾಡಿಕೊಂಡದ್ದು ಇಷ್ಟು: ಡಿಸ್ಕು ಬೀರುವಿದ್ದ ಹಾಗೆ, ಮೆಮೊರಿ ಮೇಜಿದ್ದ ಹಾಗೆ. ಬೀರು ಎಷ್ಟು ದೊಡ್ಡದಿದ್ದರೇನು, ಕೆಲಸ ನಡೆಯುವುದು ಮೇಜಿನ ಮೇಲೆ. ನಮ್ಮ ಯಂತ್ರದ ಮೇಜು ಎಂಟು ಎಂ.ಬಿ. ಅಗಲದ್ದು, ಆ ಪ್ರೋಗ್ರಾಮನ್ನು ಬರೆದವರ ದೇಶದಲ್ಲಿ ಅಷ್ಟು ಸಣ್ಣ ಮೇಜು ಇರುತ್ತದೆಂದು ಯಾರೂ ನೆನೆಸಿರಲಿಲ್ಲವೇನೋ. ಬೀರುವಿನ ಒಂದು ಖಾನೆಯನ್ನೇ ಮೇಜೆಂದು ತಿಳಿದುಕೋ ಎಂದು ಯಂತ್ರಕ್ಕೆ ಹೇಳುವ ಉಪಾಯವೊಂದಿತ್ತು. ಡಿಸ್ಕಿನಲ್ಲಿ ಜಾಗ ಬಿಡಿಸಿ, ಅದನ್ನು ಸಿದ್ಧಪಡಿಸಿ, ಇನ್ನು ಮುಂದೆ ಇದೂ ನಿನ್ನ ನೆನಪೇ ಎಂದು ಘೋಷಿಸಿದೆ. ಅಳಿಸಿದ ಆಟಗಳು ವ್ಯರ್ಥವಾಗಲಿಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಈ ಸಲ ಯಂತ್ರ ಮುಂದೆ ಸಾಗಿತು. ಆದರೆ ಮೇಜಿಗೂ ಬೀರುವಿಗೂ ಓಡಾಡುವುದರಲ್ಲೇ ಅದರ ಆಯುಷ್ಯ ಸವೆಯುವಂತಿತ್ತು. ಡಿಸ್ಕು ಗರಗರ ಗೊಣಗುತ್ತಿತ್ತು. ಒಂದು ಫೈಲು ಮುಗಿಯುವಷ್ಟರಲ್ಲಿ ನಾವು ಊಟ ಮಾಡಿ ಬರಬಹುದಿತ್ತು. ಮಧ್ಯಾಹ್ನವಾದರೆ ಕರೆಂಟು ಹೋಗುತ್ತಿತ್ತು. ಖಲೀಲ್ ಸರ್‌ಗೆ ಕ್ರಮೇಣ ಆ ಗೊಣಗಾಟದ ಗುಟ್ಟು ಹತ್ತಿತು. ಪರದೆಯಲ್ಲಿ ನನಗಿನ್ನೂ ಏನೂ ಕಾಣದಿದ್ದಾಗಲೇ, "ಈಗ ಬೀಳ್ತದೆ ನೋಡಮ್ಮ," ಎನ್ನುತ್ತಿದ್ದರು. ಬೀಳುತ್ತಿತ್ತು.

ಬೀಳುತ್ತಿದ್ದ ರೀತಿಯೂ ಬದಲಾಯಿತು. ಈಗ ಮೆಮೊರಿ ಸಾಲದೆಂಬ ನೇರವಾದ ದೂರಿಲ್ಲ. ಸಿಗ್ನಲ್ ಇಲೆವೆನ್ ಎಂಬ, ಅರ್ಥವೇ ಆಗದ ಒಂದು ಚೀಟಿ ಬಿಸಾಕಿ ಕಂಪೈಲರು ಸತ್ತು ಬೀಳುತ್ತಿತ್ತು. ಅದೂ ಒಂದೇ ಜಾಗದಲ್ಲಲ್ಲ. ನಿನ್ನೆ ದಾಟಿದ ಫೈಲಿನಲ್ಲಿ ಇವತ್ತು ಎಡವುತ್ತದೆ, ಇವತ್ತು ಎಡವಿದ್ದನ್ನು ಇನ್ನೊಮ್ಮೆ ಹೇಳಿದರೆ ಏನೂ ಆಗಿಲ್ಲವೆಂಬಂತೆ ದಾಟಿಬಿಡುತ್ತದೆ. ತಪ್ಪು ಒಂದೇ ಕಡೆ ನಿಂತಿದ್ದರೆ ಹುಡುಕಬಹುದು. ಜಾಗ ಬದಲಿಸುವ ತಪ್ಪನ್ನು ಎಲ್ಲಿಂದ ಹಿಡಿಯುವುದು? ಬೆಂಗಳೂರಿನಲ್ಲಿ ಗೆಳತಿಯೊಬ್ಬಳ ಆಫೀಸಿನಲ್ಲಿ ಇ-ಮೇಲ್ ಇತ್ತು. ಬೆಳಗಿನ ರೈಲಿಗೆ ಹೋಗಿ, ಅವಳ ಮೂಲಕ ತಿಳಿದವರ ಗುಂಪೊಂದಕ್ಕೆ ಪ್ರಶ್ನೆ ಬರೆಸಿ ಬಂದೆ. ಒಂದು ವಾರ ಕಳೆದು ಅವಳು ಫೋನಿನಲ್ಲಿ ಓದಿ ಹೇಳಿದ ಉತ್ತರಗಳು ಎರಡು. ನಿಮ್ಮ ಮೆಮೊರಿ ಸಾಲದು, ಇನ್ನಷ್ಟು ಹಾಕಿ ಎಂದಿದ್ದರು ಒಬ್ಬರು. ಇರುವ ಮೆಮೊರಿಯೇ ಕೆಟ್ಟಿದೆ, ತೆಗೆದುಹಾಕಿ ಎಂದಿದ್ದರು ಇನ್ನೊಬ್ಬರು.

ಹಾಕಬೇಕೋ ತೆಗೆಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಲ್ಯಾಬಿನ ಯಂತ್ರಗಳ ಹೊಟ್ಟೆ ಬಿಚ್ಚಿ, ಹಸಿರು ಬಣ್ಣದ ಆ ಮೆಮೊರಿ ಪಟ್ಟಿಗಳನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಿ ನೋಡಿದೆ. ಕೆಲವು ಕೂರಲಿಲ್ಲ. ಕೂತವುಗಳಲ್ಲಿ ಕೆಲವನ್ನು ಯಂತ್ರ ಕಣ್ಣೆತ್ತಿಯೂ ನೋಡಲಿಲ್ಲ. ಕೆಟ್ಟ ಪಟ್ಟಿ ಯಾವುದೆಂದು ಗುರುತಿಸಲು ಹೊರಟವಳು, ಯಾವ ಪಟ್ಟಿ ಯಾವ ಯಂತ್ರದ್ದೆಂಬುದನ್ನೇ ಮರೆತು ಕೂತೆ. ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಪಟ್ಟಿಗಳೆಲ್ಲ ಒಂದೇ ಮುಖದವು.

ಖಲೀಲ್ ಸರ್ ಒಂದು ದಿನ ಕೇಳಿದರು, "ಅಷ್ಟೂ ಫೈಲು ಒಂದೇ ಸಲ ಕೊಡ್ತಾ ಇದ್ದೀಯ ಏನಮ್ಮ? ನಮ್ಮನೇಲಿ ಬಿಸಿನೀರಿನ ಬಾಣಲೆಗೆ ಗೂಡು ಜಾಸ್ತಿ ಬಿದ್ರೆ ಎಳೆ ಎಳೆಗೆ ಸಿಕ್ಕಾಗೋದು. ಅಜ್ಜಿ ಒಂದು ಹಿಡಿ, ಒಂದು ಹಿಡಿ ಅಂತ ಹಾಕೋರು."

ಒಂದೇ ಸಲ ಕೊಡುತ್ತಿರಲಿಲ್ಲ. ಕಂಪೈಲರು ಹೇಗೂ ಒಂದೊಂದನ್ನೇ ತೆಗೆದುಕೊಳ್ಳುತ್ತದೆ ಎಂದು ವಿವರಿಸಿದೆ. ಆದರೂ ಅವರ ಮಾತು ಕೇಳಿದ ಮೇಲೆ ಒಂದು ಫೈಲು ಮುಗಿಸಿ, ಎಲ್ಲ ನಿಲ್ಲಿಸಿ, ಯಂತ್ರವನ್ನು ಹೊಸದಾಗಿ ಎಬ್ಬಿಸಿ ಇನ್ನೊಂದಕ್ಕೆ ಹೋಗುವ ಕ್ರಮ ಹಿಡಿದೆ. ಅದರಿಂದಲೋ, ಅಥವಾ ನಾನು ಬೆಳಗಿನ ತಂಪಿನಲ್ಲಿ ಬರತೊಡಗಿದ್ದರಿಂದಲೋ, ಫೈಲುಗಳು ಒಂದೊಂದಾಗಿ ಮುಗಿಯುತ್ತ ಹೋದವು. ಕೊನೆಗೆ ಒಂದೇ ಒಂದು ಉಳಿಯಿತು. ಅದು ಮಹಾ ದೊಡ್ಡದು. ಅದನ್ನು ಹಿಡಿಹಿಡಿಯಾಗಿ ಹಾಕುವಂತಿರಲಿಲ್ಲ, ಇಡಿಯಾಗಿಯೇ ನುಂಗಬೇಕು. ಪ್ರತಿ ಸಲವೂ ಯಂತ್ರದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಕಾಲೇಜು ತೆರೆಯುವ ದಿನ ಹತ್ತಿರವಾಯಿತು. ಪ್ರಿನ್ಸಿಪಾಲರು ಒಮ್ಮೆ ಬಾಗಿಲಲ್ಲಿ ತಲೆ ಹಾಕಿ, "ಏಮಮ್ಮಾ, ನಿನ್ನ ಮಾತಾಡೋ ಬೊಮ್ಮ ಎಲ್ಲಿಗೆ ಬಂತು?" ಎಂದು ಕೇಳಿದರು. ಗೊಂಬೆ ಬರ್ತಾ ಇದೆ ಸರ್ ಎಂದೆ. ಅವರು ಹೋದ ಮೇಲೆ ಖಲೀಲ್ ಸರ್, "ಲೈಬ್ರರಿ ವಿಷಯ ನನಗೆ ಗೊತ್ತು ಕಣಮ್ಮ. ನೀನು ಹೇಳಲಿಲ್ಲ ಅಂತಾನೂ ಗೊತ್ತು. ಆಗದಿದ್ರೆ ಬಿಡು. ಅಲ್ಲೂ ಫ್ಯಾನ್ ಇದೆ," ಎಂದರು. ನಾನು ಅವರ ಮುಖ ನೋಡಲಾರದೆ ಪರದೆ ನೋಡಿದೆ.

ಅಂದು ಮಾಡಬಹುದಾದ್ದನ್ನೆಲ್ಲ ಒಟ್ಟಿಗೆ ಮಾಡಿದೆ. ಚಿತ್ರ ತೋರಿಸುವ ಪರದೆಯನ್ನು ನಿಲ್ಲಿಸಿ ಬರಿಯ ಅಕ್ಷರಗಳ ಕಪ್ಪು ಪರದೆಗೆ ಇಳಿದೆ. ಬೀರುವಿನ ಇನ್ನೊಂದು ಖಾನೆಯನ್ನು ಮೇಜಿಗೆ ಸೇರಿಸಿದೆ. ಕಂಪೈಲರಿಗೆ ಒಂದು ಸೂಚನೆ ಇದೆ: ಚುರುಕಾಗಿ, ಅಚ್ಚುಕಟ್ಟಾಗಿ ಮಾಡಬೇಕೆಂದಿಲ್ಲ, ಹೇಗೋ ಮಾಡಿಬಿಡು ಎಂಬ ಅರ್ಥದ್ದು, ಅದನ್ನು ಕೊಟ್ಟೆ. ಮೇಜಿನ ಮೇಲಿದ್ದ ಪಟ್ಟಿಗಳಲ್ಲಿ ಕೈಗೆ ಸಿಕ್ಕ ಒಂದನ್ನು, ಇದ್ದ ಒಂದರ ಬದಲಿಗೆ ಸಿಕ್ಕಿಸಿದೆ. ಚಹಾ ಫ್ಲಾಸ್ಕು ಹಿಡಿದು ಬಂದ ಮುಮ್ತಾಜ್ ಅವರು ಮುಚ್ಚಳ ತೆಗೆದ ಯಂತ್ರವನ್ನು ಮುಟ್ಟಿ ನೋಡಿ, "ಇದಕ್ಕೆ ಜ್ವರ ಬಂದಿದೆ," ಎನ್ನುತ್ತ ಮೇಜಿನ ಫ್ಯಾನನ್ನು ನಮ್ಮಿಂದ ತಿರುಗಿಸಿ ಅದರ ಕಡೆಗೆ ಇಟ್ಟರು. ನಾವು ಬೆವರುತ್ತ ಕೂತೆವು. ಡಿಸ್ಕು ಗೊಣಗಿತು, ಗೊಣಗುತ್ತಲೇ ಇತ್ತು. ಈಗ ಬೀಳ್ತದೆ ಎಂದು ಖಲೀಲ್ ಸರ್ ಹೇಳುವುದನ್ನೇ ಕಾದೆ. ಅವರು ಹೇಳಲಿಲ್ಲ. ಸದ್ದು ನಿಂತಾಗ ಪರದೆಯಲ್ಲಿ ಯಾವ ದೂರೂ ಇರಲಿಲ್ಲ.

ಇಷ್ಟರಲ್ಲಿ ಯಾವುದು ಫಲಿಸಿತು ಎಂದು ನೀವು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಬೇಕು, ಆಗಲೇ ಕಾರಣ ತಿಳಿಯುತ್ತದೆ ಎಂದು ಪಾಠ ಹೇಳಿದ್ದೇನೆ. ಹೇಳುವಾಗಲೆಲ್ಲ ಆ ದಿನದ ನನ್ನ ಗಡಿಬಿಡಿ ನೆನಪಾಗುತ್ತದೆ. ಕಾರಣ ತಿಳಿಯಲೆಂದು ಇನ್ನೊಮ್ಮೆ ಮಾಡಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಮೊದಲು ಟೈಪ್ ಮಾಡಿದವರು ಖಲೀಲ್ ಸರ್. ನನ್ನ ಹೆಸರು ಖಲೀಲ್, ನಮ್ಮೂರು ಶಿಡ್ಲಘಟ್ಟ ಎಂದು ಇಂಗ್ಲಿಷ್ ಅಕ್ಷರದಲ್ಲಿ. ಯಂತ್ರ ತುಸು ತಡೆದು, ಮೂಗು ಕಟ್ಟಿದ ಇಂಗ್ಲಿಷ್ ದೊರೆಯೊಬ್ಬನ ದನಿಯಲ್ಲಿ ಅದನ್ನು ಓದಿತು. ಶಿಡ್ಲಘಟ್ಟ ಎಂಬುದು ಯಾವುದೋ ದ್ವೀಪದ ಹೆಸರಿನಂತೆ ಕೇಳಿಸಿತು. ಮುಮ್ತಾಜ್ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಖಲೀಲ್ ಸರ್ ನಗಲಿಲ್ಲ. ಅಜ್ಜಿಯ ಬಗ್ಗೆ ಒಂದು ಸಾಲು ಟೈಪ್ ಮಾಡಿ ಓದಿಸಿದರು. "ಇನ್ನೊಂದ್ಸಲ," ಎಂದರು. ಓದಿಸಿದೆ. ಅವರ ಬೆರಳು ಕೀಲಿಗಳ ಮೇಲೆ ಹಿಂದಕ್ಕೆ ಹೋಗಿ ಒಂದು ಅಕ್ಷರ ಅಳಿಸಿ ಇನ್ನೊಂದನ್ನು ಹಾಕಿತು.

"ಒಂದು ಅಕ್ಷರ ತಪ್ಪಿತ್ತು," ಎಂದರು. "ತಪ್ಪಿದೆ ಅಂತ ನನಗೇ ಗೊತ್ತಾಯ್ತು ನೋಡು."

ಮುಮ್ತಾಜ್ ಅವರ ನಗು ಅಲ್ಲಿಗೆ ನಿಂತಿತು. ಅವರು ನನ್ನ ಪಕ್ಕಕ್ಕೆ ಸರಿದು, "ಈ ಡಬ್ಬಿ ಇಷ್ಟು ಮಾತಾಡಿದ್ರೆ ಇವರು ನಮ್ಮ ಹತ್ರ ಮಾತಾಡ್ತಾರಾ ಮೇಡಂ?" ಎಂದು ಪಿಸುಗುಟ್ಟಿದರು. ಅದು ತಮಾಷೆಯೋ ನಿಜವಾದ ಭಯವೋ ತಿಳಿಯದೆ ನಾನು ತಲೆಯಾಡಿಸಿದೆ.

ಕಾಲೇಜು ತೆರೆದಾಗ ಖಲೀಲ್ ಸರ್ ತಾವೇ ತಯಾರಿಸಿ, ಕಿವಿಯಿಂದ ತಿದ್ದಿದ ಪ್ರಶ್ನೆಪತ್ರಿಕೆಯನ್ನು ಪ್ರಿನ್ಸಿಪಾಲರ ಮುಂದೆ ಯಂತ್ರದಿಂದ ಓದಿಸಿದರು. ಪ್ರಿನ್ಸಿಪಾಲರು ಕೈಕಟ್ಟಿ ನಿಂತು ಕೊನೆಯ ಪ್ರಶ್ನೆಯವರೆಗೂ ಕೇಳಿ, "ಬಾಗುಂದಿ," ಎಂದು ಮೆಚ್ಚಿದರು. ಲೈಬ್ರರಿಯ ಕುರ್ಚಿಯ ಮಾತು ಮತ್ತೆ ಬರಲಿಲ್ಲ. ಟೈಮ್ ಟೇಬಲಿನಲ್ಲಿ ಇತಿಹಾಸದ ಎದುರು ಎಂದಿನ ಹೆಸರೇ ಇತ್ತು. ಸಾಯಂಕಾಲ ಕ್ಲಾಸುಗಳು ಮುಗಿದ ಮೇಲೆ ಅವರು ಲ್ಯಾಬಿನ ಮೂಲೆಯಲ್ಲಿ ಕೂತು ಅಜ್ಜಿಯ ಕಥೆಯನ್ನು ಹೊಸದಾಗಿ ಬರೆಯತೊಡಗಿದರು. ಮೆಮೊರಿ ಅಷ್ಟು ಕಡಿಮೆಯಿದ್ದುದರಿಂದ ಯಂತ್ರ ಒಂದು ವಾಕ್ಯ ಓದಿ ಮುಂದಿನದಕ್ಕೆ ಬೀರು ತಡಕಾಡಬೇಕಿತ್ತು; ನಡುವೆ ದೀರ್ಘವಾದ ಮೌನ. ನನಗೆ ನಾಚಿಕೆಯಾಗುತ್ತಿತ್ತು. ಇಷ್ಟು ಮಾಡಿ ಕೊನೆಗೆ ಉಗ್ಗುವ ಯಂತ್ರವನ್ನು ಕೊಟ್ಟೆನಲ್ಲ ಎನಿಸುತ್ತಿತ್ತು.

ಮರುವರ್ಷ ಲ್ಯಾಬಿಗೆ ಹೊಸ ಯಂತ್ರಗಳು ಬಂದವು. ಮೂಲೆ ಸೇರಿದ ಹಳೆಯವುಗಳಿಂದ, ಹೊಂದುವಂಥ ಒಳ್ಳೆಯ ಪಟ್ಟಿಗಳನ್ನು ಆರಿಸಿ, ಖಲೀಲ್ ಸರ್ ಅವರ ಯಂತ್ರದ ಖಾಲಿ ಸೀಳುಗಳಿಗೆಲ್ಲ ತುಂಬಿದೆ. ಡಿಸ್ಕಿನ ಗೊಣಗಾಟ ನಿಂತುಹೋಯಿತು. ದೊರೆ ಈಗ ತಡವರಿಸದೆ, ವಾಕ್ಯದ ಹಿಂದೆ ವಾಕ್ಯ, ನೀರು ಹರಿದಂತೆ ಓದತೊಡಗಿದ. ನಾನು ಹೆಮ್ಮೆಯಿಂದ ಮನೆಗೆ ಹೋದೆ.

ಆ ವಾರವೆಲ್ಲ ಅವರು ಕೂತಿರುತ್ತಿದ್ದರು, ಬರೆಯುತ್ತಿರಲಿಲ್ಲ. ಏನಾಯಿತು ಸರ್ ಎಂದು ಕೇಳಿದೆ.

"ಇವನು ಅವಸರ ಮಾಡ್ತಾನೆ ಕಣಮ್ಮ," ಎಂದರು, ಹೇಳಲು ಸಂಕೋಚಪಡುವವರ ಹಾಗೆ. "ಮುಂಚೆ ಒಂದು ಮಾತು ಹೇಳಿ ಸುಮ್ನಾಗ್ತಿದ್ದ. ಆಗ ನನಗೆ ಅಜ್ಜಿ ಮುಂದಿನದು ಏನು ಹೇಳ್ತಿದ್ರು ಅಂತ ನೆನಪಾಗ್ತಿತ್ತು. ಈಗ ನಾನು ನೆನಪು ಮಾಡ್ಕೊಳ್ಳೋ ಅಷ್ಟರಲ್ಲಿ ಅವನು ಎಲ್ಲಾ ಮುಗಿಸಿಬಿಡ್ತಾನೆ. ಸ್ವಲ್ಪ ತಾಳು ಅಂತ ಹೇಳಕ್ಕೆ ಆಗ್ತದಾ?"

ಆಗಬೇಕಿತ್ತು. ಟಿಪ್ಪಣಿಗಳನ್ನೆಲ್ಲ ಹುಡುಕಿದೆ. ಒಂದು ಅಂಕೆ ಬದಲಿಸಿದರೆ ದನಿ ಕುಡಿದವನಂತೆ ಎಳೆಯುತ್ತಿತ್ತು, ಇನ್ನೊಂದನ್ನು ಬದಲಿಸಿದರೆ ಬಾಯೇ ತೆರೆಯುತ್ತಿರಲಿಲ್ಲ. ಮಾತಿನ ನಡುವಿನ ಆ ಬಿಡುವನ್ನು ಯಾರೂ ಬರೆದಿರಲಿಲ್ಲ, ಹಾಗಾಗಿ ಅದನ್ನು ಎಲ್ಲಿ ತಿದ್ದಬೇಕೆಂದು ಎಲ್ಲೂ ಇರಲಿಲ್ಲ. ಒಂದು ಸಾಯಂಕಾಲ, ನಾನು ಮಾಡುತ್ತಿರುವುದು ಸರಿಯೋ ಹುಚ್ಚೋ ತಿಳಿಯದೆಯೇ, ಯಂತ್ರವನ್ನು ಆರಿಸಿ, ಮುಚ್ಚಳ ತೆಗೆದು, ಒಂದನ್ನುಳಿದು ಮಿಕ್ಕ ಪಟ್ಟಿಗಳನ್ನೆಲ್ಲ ಕಿತ್ತು ಹಾಕಿದೆ. ಮತ್ತೆ ಎಬ್ಬಿಸಿದೆ. ಖಲೀಲ್ ಸರ್ ಕೀಲಿ ಒತ್ತಿದರು. ದೊರೆ ಒಂದು ವಾಕ್ಯ ಓದಿ ನಿಂತ. ಡಿಸ್ಕು ಗರಗರ ಎಂದಿತು. ಅವರು ತಲೆ ಓರೆ ಮಾಡಿ, ಆ ಮೌನದೊಳಗೆ ಯಾರದೋ ಮಾತು ಕೇಳಿಸಿಕೊಳ್ಳುವವರಂತೆ ಕೂತಿದ್ದು, ಹೂಂ ಎಂದು ಟೈಪ್ ಮಾಡಲು ಶುರುಮಾಡಿದರು. ನನ್ನ ಅಂಗೈಯಲ್ಲಿ ಪಟ್ಟಿಗಳು ಇನ್ನೂ ಬಿಸಿಯಾಗಿದ್ದವು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ, ಸದ್ದು ಮಾಡದೆ ನಿಂತಿದ್ದೆ.